ನಮ್ಮವರ ಕನ್ನಡಕ ತೊಳೆಯಲು ಹೋಗಿ

ಕನ್ನಡಕದ ಸಹವಾಸ ಇದ್ದವರಿಗೆಲ್ಲ ಇಂಥವು ಆಗುತ್ತಲೇ ಇರುತ್ತವೆ. ನನಗೆ ಮಾತ್ರ ಸ್ವಲ್ಪ ಹೆಚ್ಚು. ಬೈಕುಲ್ಲಾದ ಒಂದು ಕನ್ನಡಕದ ಅಂಗಡಿಯ ಕೌಂಟರಿನ ಹಿಂದೆ ನಾನು ಇಪ್ಪತ್ತಾರು ವರ್ಷ ನಿಂತಿದ್ದೇನೆ. ಕುಂದಾಪುರದ ಕಡೆಯಿಂದ ಮದುವೆಯಾಗಿ ಭಾಂಡುಪ್‌ಗೆ ಬಂದಾಗ ನಾನು ಜನ್ಮದಲ್ಲಿ ಕನ್ನಡಕ ಮುಟ್ಟಿದವಳಲ್ಲ. ಈಗ ಎಪ್ಪತ್ತೊಂದು ವರ್ಷ. ಯಾರೇ ಎದುರು ಬಂದರೂ ಮೊದಲು ಅವರ ಗಾಜು ಕಾಣುತ್ತದೆ, ಆಮೇಲೆ ಮುಖ. ಗಾಜಿನ ಮೇಲೆ ಕಲೆ ಕಂಡರೆ ಕೈ ತುರಿಸುತ್ತದೆ.

ಇಷ್ಟೆಲ್ಲ ಇದ್ದೂ ನಮ್ಮವರ ಕನ್ನಡಕ ಒಂದನ್ನು ನನಗೆ ನೇರ್ಪು ಮಾಡಲಾಗಲಿಲ್ಲ. ನಮ್ಮವರು ಅಂದರೆ ನನ್ನ ಗಂಡ. ಸಾಂತಾಕ್ರೂಜ್‌ನ ಒಂದು ಉಡುಪಿ ಹೋಟೆಲಿನ ಗಲ್ಲೆಯಲ್ಲಿ ಕೂತು ನಿವೃತ್ತರಾದವರು. ಕನ್ನಡಕವನ್ನು ಬನಿಯನ್ನಿಂದ ಒರೆಸುವುದು, ಬನಿಯನ್ ಸಿಗದಿದ್ದರೆ ಪೇಪರಿನಿಂದ, ಪೇಪರಿಲ್ಲದಿದ್ದರೆ ಕಿಟಕಿಯ ಪರದೆಯಿಂದ. ಅದನ್ನು ಹಾಗೇ ಬಿಟ್ಟು ನಾನು ಹಾಯಾಗಿ ಇದ್ದುಬಿಡುತ್ತಿದ್ದೆನೋ ಏನೋ. ಆದರೆ ಈ ವರ್ಷ ಅವರ ಜಾಗಕ್ಕೇ ಸಂಚಕಾರ ಬಂತು.

ನಮ್ಮ ಕರಾವಳಿಯ ಜನ ಭಾಂಡುಪ್‌ನಲ್ಲಿ ಪ್ರತಿ ವರ್ಷ ಶ್ರಾವಣದ ಒಂದು ಶನಿವಾರ ಸಂಜೆ ಶನಿಪೂಜೆ ಮಾಡುತ್ತೇವೆ. ಕಲಶದ ಎದುರು ಚಾಪೆ ಹಾಸಿ, ಒಬ್ಬರು ಶನಿದೇವರ ಕಥೆಯ ಪದ್ಯ ಓದುತ್ತಾರೆ, ಇನ್ನೊಬ್ಬರು ಅದರ ಅರ್ಥ ಹೇಳುತ್ತಾರೆ. ಆ ಓದುವ ಜಾಗ ಮೂವತ್ತೈದು ವರ್ಷದಿಂದ ನಮ್ಮವರದು. ಹೋಟೆಲಿನಲ್ಲಿ ರಜೆ ಕೇಳುತ್ತಿದ್ದದ್ದೇ ಆ ಒಂದು ಶನಿವಾರಕ್ಕೆ. ಅವರ ಎರಡೂ ಕಣ್ಣಿನ ಪೊರೆ ತೆಗೆಸಿದ ಮೇಲೆ, ಹೋದ ವರ್ಷ, ಮೊದಲ ಸಲ ನಾಲ್ಕು ಕಡೆ ತಡವರಿಸಿದರು. ಸಭೆಯಲ್ಲಿ ಗುಸುಗುಸು ಆಯಿತು.

ಈ ವರ್ಷ ಪೂಜೆಗೆ ಒಂದು ತಿಂಗಳಿರುವಾಗ ಸಮಿತಿಯ ಕಾರ್ಯದರ್ಶಿ ಮನೆಗೆ ಬಂದರು. ಕಾಫಿ ಕುಡಿದರು, ಮಳೆಯ ಬಗ್ಗೆ ಮಾತಾಡಿದರು, ಕೊನೆಗೆ ಲೋಟ ಕೆಳಗಿಟ್ಟು ಹೇಳಿದರು, "ಅಣ್ಣ, ಈ ಸಲ ನೀವು ಎದುರಿನ ಸಾಲಿನಲ್ಲಿ ಆರಾಮಾಗಿ ಕೂತು ಕೇಳಿ. ಓದಲಿಕ್ಕೆ ಬೇರೆಯವರು ಸಿಕ್ಕಿದ್ದಾರೆ. ನಿಮಗೊಂದು ಶಾಲು ಹೊದಿಸುವ ಅಂತ ಉಂಟು."

ನಮ್ಮವರ ಲೋಟ ತುಟಿಯ ಹತ್ತಿರವೇ ನಿಂತಿತು. "ಈ ಮುಂಬಯಿಯಲ್ಲಿ ಶಾಲು ಯಾಕೆ ಮಾರಾಯ್ರೆ?" ಎಂದರು. "ನನಗೆಂತ ಚಳಿಯಾ?"

ನಗಲಿಕ್ಕೆಂದು ಹೇಳಿದ ಮಾತೇ, ಆದರೆ ಅವರ ಮುಖದಲ್ಲಿ ನಗು ಇರಲಿಲ್ಲ. ನಾನು ಅವರ ಮುಖ ನೋಡಿದೆ, ಅಂದರೆ ಮೊದಲು ಗಾಜು ನೋಡಿದೆ. ಬಲಗಡೆ ಬೆಳಗಿನ ಗಂಧ, ಎಡಗಡೆ ಒಗ್ಗರಣೆಯ ಸಾಸಿವೆ ಹಾರಿದ ಗುರುತು, ಮಧ್ಯೆ ಬನಿಯನ್ ಎಳೆದ ಗೀರು. ನನಗೆ ತಡೆಯಲಾಗಲಿಲ್ಲ.

"ಕಣ್ಣಿಗೆ ಏನೂ ಆಗಿಲ್ಲ, ಡಾಕ್ಟ್ರು ಹೇಳಿದ್ದಾರೆ. ಆಗಿದ್ದು ಈ ಕನ್ನಡಕಕ್ಕೆ. ನನಗೆ ಒಂದು ತಿಂಗಳು ಕೊಡಿ. ಇವರು ಓದದಿದ್ದರೆ ಆಮೇಲೆ ಕೇಳಿ" ಎಂದುಬಿಟ್ಟೆ.

ಕಾರ್ಯದರ್ಶಿ ಯೋಚಿಸಿದರು. "ಆಯ್ತು ಅಕ್ಕ. ಅಣ್ಣನೇ ಓದಲಿ. ಆದರೆ ಪಕ್ಕದಲ್ಲಿ ಆ ಇನ್ನೊಬ್ಬರನ್ನೂ ಕೂರಿಸ್ತೇವೆ. ಮೂರು ಕಡೆ ತಡವರಿಸಿದರೆ ಪುಸ್ತಕ ಅವರ ಕಡೆ ತಿರುಗಿಸುವುದು. ಬೇಸರ ಮಾಡ್ಬಾರ್ದು."

ಅವರು ಹೋದ ಮೇಲೆ ನಮ್ಮವರು ನನ್ನ ಮೇಲೆ ಹಾರಿದರು. "ಎಲ್ಲರ ಎದುರು ನನ್ನ ಮರ್ಯಾದೆ ಪಣಕ್ಕೆ ಇಡ್ಲಿಕ್ಕೆ ನೀನು ಯಾರು? ಕನ್ನಡಕದ ದೊಡ್ಡ ಪಂಡಿತೆ! ಅಂಗಡಿಯಲ್ಲಿ ಮೊದಲ ದಿನ ಮಾಡಿದ್ದು ಮರೆತುಹೋಯ್ತಾ?"

ಮರೆಯುವುದುಂಟೇ!

ಹುಣಸೆಹುಳಿ

ಅಂಗಡಿಗೆ ಸೇರಿದ ಮೊದಲ ದಿನ. ಮಾಲೀಕರು ಮುದುಕ ಶೇಠ್. ಕೌಂಟರಿನ ಮೇಲೆ ಒಂದು ಕನ್ನಡಕ ಇಟ್ಟು, "ಬೆಹನ್, ಇದರ ಸ್ಕ್ರೂ ನಾನು ಹಾಕಿದ್ದೇನೆ, ನೀವು ಸ್ವಲ್ಪ ಸಾಫ್ ಮಾಡಿ ಇಡಿ" ಎಂದು ಹಿಂದಿಯಲ್ಲಿ ಹೇಳಿ ಊಟಕ್ಕೆ ಹೋದರು. ರೈಲ್ವೆಯಿಂದ ನಿವೃತ್ತರಾದ ಸಾಹೇಬರೊಬ್ಬರ ಕನ್ನಡಕ ಅದು. ಫ್ರೇಮು ಹಳದಿಗೆ ಹೊಳೆಯುತ್ತಿತ್ತು.

ಹಳದಿಗೆ ಹೊಳೆಯುವುದು ಅಂದರೆ ನನ್ನ ಲೆಕ್ಕದಲ್ಲಿ ಹಿತ್ತಾಳೆ. ಹಿತ್ತಾಳೆಯ ದೀಪ ಬೆಳಗುವುದು ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಯಾರಾದರೂ ಹೇಳಿಕೊಡಬೇಕಾ? ಪಕ್ಕದ ಕಿರಾಣಿ ಅಂಗಡಿಯಿಂದ ನೆಲ್ಲಿಕಾಯಿ ಗಾತ್ರದ ಹುಣಸೆಹುಳಿ ತಂದೆ. ಎದುರಿನ ಇಸ್ತ್ರಿಯವನ ಹತ್ತಿರ ಒಂದು ಹಿಡಿ ಬೂದಿ ಬೇಡಿದೆ. ಹಾಕಿ ತಿಕ್ಕಿದೆ ನೋಡಿ! ಫ್ರೇಮು ತಿಕ್ಕಿದೆ, ಅದೇ ಕೈಯಲ್ಲಿ ಗಾಜನ್ನೂ ತಿಕ್ಕಿದೆ. ತಿಕ್ಕಿದ ಹಾಗೆ ಹಳದಿ ಹೋಗಿ ಒಳಗಿಂದ ಬೆಳ್ಳಗೆ ಹೊಳೆಯತೊಡಗಿತು. ಒಳಗೆ ಬೆಳ್ಳಿ ಇದೆ! ಪಾಪ, ಸಾಹೇಬರಿಗೇ ಗೊತ್ತಿಲ್ಲ!

ಶೇಠ್ ಬಂದ ಕೂಡಲೇ ಓಡಿಹೋಗಿ ತೋರಿಸಿದೆ. ಅವರು ಕೈಯಲ್ಲಿ ಹಿಡಿದು ನೋಡಿದರು. ಆಮೇಲೆ ಸ್ಟೂಲಿನ ಮೇಲೆ ಕೂತರು. ಬಂಗಾರದ ನೀರು ಕುಡಿಸಿದ ಫ್ರೇಮು ಅದು, ಕುಡಿದದ್ದನ್ನೆಲ್ಲ ನಾನು ಕಕ್ಕಿಸಿದ್ದೆ. ಅವರು ಬಾಯಿ ತೆರೆಯುವಷ್ಟರಲ್ಲಿ ರೈಲ್ವೆ ಸಾಹೇಬರೇ ಬಾಗಿಲಲ್ಲಿ ನಿಂತಿದ್ದರು. ನನಗೆ ಅದು ಮೊದಲ ದಿನವೂ ಹೌದು, ಕೊನೆಯ ದಿನವೂ ಹೌದು ಎಂದು ಗೊತ್ತಾಯಿತು.

ಸಾಹೇಬರು ಕನ್ನಡಕ ಹಾಕಿ ಕನ್ನಡಿ ನೋಡಿಕೊಂಡರು. ಎಡಕ್ಕೆ ತಿರುಗಿದರು, ಬಲಕ್ಕೆ ತಿರುಗಿದರು. "ಅರೇ ವಾ! ಬಣ್ಣ ಬದಲಾಯಿಸಿದಿರಾ? ಹೆಂಡತಿ ಎಷ್ಟೋ ವರ್ಷದಿಂದ ಹೇಳುತ್ತಿದ್ದಳು, ಬಂಗಾರದ್ದು ಬೇಡ ಅಂತ" ಎಂದರು.

ಶೇಠ್ ಉಸಿರು ಬಿಟ್ಟರು. ನಾನೂ ಬಿಟ್ಟೆ. ಸಾಹೇಬರು ಬೀದಿಗೆ ಇಳಿದು, ಎರಡು ಹೆಜ್ಜೆ ಹೋಗಿ, ನಿಂತು, ಕೈ ಚಾಚಿ ಆಕಾಶ ನೋಡಿದರು. ಬೂದಿ ತಿಕ್ಕಿದ ಗಾಜಿನ ತುಂಬ ಉದ್ದುದ್ದ ಗೀರು. ಮೇ ತಿಂಗಳ ಸುಡುಬಿಸಿಲಿನಲ್ಲಿ ಅವರು ಒಳಗೆ ತಿರುಗಿ ಕೂಗಿದರು, "ಶೇಠ್, ಒಂದು ಛತ್ರಿ ಇದ್ದರೆ ಕೊಡಿ, ಮಳೆ ಶುರುವಾಯಿತು!"

ಸ್ಟೀಮು

ಅವತ್ತೇ ಶೇಠ್ ನನ್ನನ್ನು ನಲ್ಲಿಯ ಹತ್ತಿರ ನಿಲ್ಲಿಸಿ ಕಲಿಸಿದರು. ಮೊದಲು ನೀರು ಬಿಡಬೇಕು, ಧೂಳು ತಾನಾಗಿ ಹರಿದುಹೋಗಬೇಕು. ಒಣಗಿದ ಗಾಜನ್ನು ಒರೆಸಿದರೆ ಧೂಳೇ ಗೀರುತ್ತದೆ. ಆಮೇಲೆ ಪಾತ್ರೆ ತೊಳೆಯುವ ಸೋಪಿನ ಒಂದು ಹನಿ, ಬೆರಳ ತುದಿಯಲ್ಲಿ ಸವರಿ, ಮತ್ತೆ ನೀರು, ಆಮೇಲೆ ಮೆತ್ತನೆಯ ಒಗೆದ ಹತ್ತಿಬಟ್ಟೆ. ಇದನ್ನೇ ನಾನು ಇಪ್ಪತ್ತಾರು ವರ್ಷ ಊರಿಗೆಲ್ಲ ಹೇಳಿದೆ. ಈಗ ನಮ್ಮವರಿಗೂ ಹೇಳಿದೆ.

"ನೀನು ಹೇಳಿದ್ದು ಕೇಳಿ ಉದ್ಧಾರ ಆದವರು ಯಾರು?" ಎಂದರು ಅವರು. "ನಮ್ಮ ಹೋಟೆಲಿನ ಭಟ್ರನ್ನು ಕೇಳಿ ಬಾ."

ಭಟ್ರು ಅಂದರೆ ಅವರ ಹೋಟೆಲಿನಲ್ಲಿ ಇಡ್ಲಿ ಬೇಯಿಸುತ್ತಿದ್ದವರು. ಅದು ಕೊರೋನಾದ, ಮಾಸ್ಕಿನ ಕಾಲ. ಎಲ್ಲರೂ ಎಲ್ಲವನ್ನೂ ತೊಳೆಯುತ್ತಿದ್ದರು. ತರಕಾರಿ, ಹಾಲಿನ ಪ್ಯಾಕೆಟ್ಟು, ಬಾಗಿಲ ಚಿಲಕ. ಭಟ್ರು ನನಗೆ ಫೋನ್ ಮಾಡಿ, "ಅಕ್ಕ, ಕನ್ನಡಕ ಹೇಗೆ ಶುದ್ಧ ಮಾಡುವುದು? ದೋಸೆಯ ಹೊಗೆಗೆ ಜಿಡ್ಡು ಹಿಡಿದಿದೆ, ಮೇಲಿಂದ ಈ ಕಾಯಿಲೆಯ ಹೆದರಿಕೆ" ಎಂದು ಕೇಳಿದರು. ನಾನು ಹೇಳಿದೆ, ಉಗುರು ಬೆಚ್ಚಗಿನ ನೀರು, ಒಂದು ಹನಿ ಸೋಪು. ಅಷ್ಟೇ ಹೇಳಿದ್ದು. ಮೇಲೊಂದು ಅಕ್ಷರ ಇಲ್ಲ.

ಎರಡು ದಿನ ಬಿಟ್ಟು ಭಟ್ರು ಅಂಗಡಿಗೇ ಬಂದರು. ಕರವಸ್ತ್ರದ ಗಂಟು ಬಿಚ್ಚಿ ಕೌಂಟರಿನ ಮೇಲಿಟ್ಟರು. ಒಳಗಿದ್ದದ್ದು ಏನು ಎಂದು ಗೊತ್ತಾಗಲು ನನಗೆ, ಇಷ್ಟು ವರ್ಷದ ಅನುಭವ ಇದ್ದವಳಿಗೆ, ಸ್ವಲ್ಪ ಹೊತ್ತು ಬೇಕಾಯಿತು. ಕಡ್ಡಿಗಳು ಎರಡೂ ಸಂಡಿಗೆಯ ಹಾಗೆ ಸುರುಟಿದ್ದವು. ಗಾಜಿನ ಮೇಲಿನ ಲೇಪ ಬತ್ತಿದ ಕೆರೆಯ ತಳದ ಹಾಗೆ ಬಿರುಕು ಬಿಟ್ಟಿತ್ತು.

"ಎಂತ ಮಾಡಿದ್ರಿ ಭಟ್ರೇ?"

"ಎಂತ ಮಾಡಿದ್ದೂ ಇಲ್ಲ ಅಕ್ಕ. ಇಡ್ಲಿ ತಟ್ಟೆಯಲ್ಲಿ ಒಂದು ಗುಳಿ ಖಾಲಿ ಇತ್ತು. ಅದರಲ್ಲಿಟ್ಟೆ."

"ಒಲೆಯ ಮೇಲೆ?"

"ಮತ್ತೆ ನೆಲದ ಮೇಲೆ ಇಡ್ಲಿ ಬೇಯ್ತದಾ?"

"ಎಷ್ಟು ಹೊತ್ತು?"

"ಇಡ್ಲಿಗೆ ಎಷ್ಟೋ ಅಷ್ಟೇ. ಹೆಚ್ಚು ಇಡಲಿಲ್ಲ." ನನ್ನ ಮುಖ ನೋಡಿ ಅವರಿಗೂ ಸಿಟ್ಟು ಬಂತು. "ನೀವೇ ಅಲ್ವಾ ಹೇಳಿದ್ದು ಬೆಚ್ಚಗಿನ ನೀರು ಅಂತ? ಆವಿ ಅಂದರೆ ಅದೇ ನೀರು ಅಕ್ಕ, ಸ್ವಲ್ಪ ಮೇಲೆ ಹೋಗಿದೆ ಅಷ್ಟೇ!"

ಮಹಿಳಾ ಡಬ್ಬಿ

ಗೀರು ಬಿದ್ದ ಗಾಜನ್ನು ಎಷ್ಟು ತೊಳೆದರೂ ಗೀರು ಹೋಗುವುದಿಲ್ಲ. ಹಾಗಾಗಿ ನಮ್ಮವರಿಗೆ ಹೊಸ ಕನ್ನಡಕವನ್ನೇ ಮಾಡಿಸಿದೆ, ನನ್ನ ಹಳೆಯ ಅಂಗಡಿಯಲ್ಲೇ. ಈಗ ಅದನ್ನು ಶೇಠರ ಮಗಳು ನಡೆಸುತ್ತಾಳೆ. ಪೂಜೆಗೆ ಇಪ್ಪತ್ತು ದಿನ ಇರುವಾಗ ಹೋಗಿ ತಂದೆ. ಎಂಥ ಗಾಜು ಅಂತೀರಿ! ಗಾಳಿಯನ್ನೇ ಕತ್ತರಿಸಿ ಕೂರಿಸಿದ ಹಾಗಿತ್ತು. ಕೈಚೀಲದಲ್ಲಿ ಜೋಪಾನವಾಗಿಟ್ಟು ಮಧ್ಯಾಹ್ನದ ಸ್ಲೋ ಲೋಕಲ್ ರೈಲು ಹತ್ತಿದೆ. ಮಹಿಳಾ ಡಬ್ಬಿಯಲ್ಲಿ ಸೀಟೂ ಸಿಕ್ಕಿತು.

ಎದುರಿಗೆ ಒಬ್ಬಳು ಕಾಲೇಜು ಹುಡುಗಿ. ಕನ್ನಡಕ ತೆಗೆದಳು. ಗಾಜಿಗೆ ಹಾ ಎಂದು ಉಸಿರು ಬಿಟ್ಟಳು. ಜರಿ ಇದ್ದ ದುಪ್ಪಟ್ಟಾದ ತುದಿ ಹಿಡಿದು ಗರಗರ ತಿಕ್ಕತೊಡಗಿದಳು. ಜರಿ! ಗಾಜಿನ ಮೇಲೆ! ನಾನು ಕಿಟಕಿಯ ಕಡೆ ನೋಡಿದೆ. ಫೋನ್ ನೋಡಿದೆ. ದೇವರ ಹೆಸರು ಹೇಳಿದೆ. ಆಗಲಿಲ್ಲ.

"ಕೊಡು ಮಗಾ ಇಲ್ಲಿ" ಎಂದು ಅವಳ ಕೈಯಿಂದ ಕಿತ್ತುಕೊಂಡೆ. ಕನ್ನಡದಲ್ಲೇ ಹೇಳಿದ್ದೆ. ಅವಳು ಕಕ್ಕಾಬಿಕ್ಕಿಯಾಗಿ, "ಆಂಟಿ, ನಿಮಗೆ ಕನ್ನಡ ಬರ್ತಾ ಹೈ?" ಎಂದಳು. ನಮ್ಮ ಕಡೆಯವಳೇ, ಇಲ್ಲೇ ಹುಟ್ಟಿದ ಮಗು. ನನಗೆ ಇನ್ನಷ್ಟು ಅಧಿಕಾರ ಬಂದ ಹಾಗಾಯಿತು. ಕೈಚೀಲವನ್ನು ಸೀಟಿನ ಮೇಲೆ ಬಿಟ್ಟು, ನೀರಿನ ಬಾಟಲಿ ಮಾತ್ರ ತೆಗೆದುಕೊಂಡು ಬಾಗಿಲಿಗೆ ಹೋದೆ. ಒಳಗೆ ನೀರು ಚೆಲ್ಲಬಾರದಲ್ಲ, ಬಾಗಿಲಲ್ಲಿ ನಿಂತು ತೊಳೆಯತೊಡಗಿದೆ.

ಘಾಟ್ಕೋಪರ್ ಬಂತು. ಅಲ್ಲಿ ಮೆಟ್ರೋ ಹಿಡಿಯುವ ಜನ ಇಳಿಯುವುದನ್ನು ನೋಡಿದವರಿಗೇ ಗೊತ್ತು. ನಾನು ಇಳಿಯಲಿಲ್ಲ, ನನ್ನನ್ನು ಇಳಿಸಲಾಯಿತು. ಕಾಲು ನೆಲಕ್ಕೆ ತಾಗಿದಾಗ ಪ್ಲಾಟ್‌ಫಾರ್ಮಿನಲ್ಲಿದ್ದೆ. ಒಂದು ಕೈಯಲ್ಲಿ ಬಾಟಲಿ, ಇನ್ನೊಂದು ಕೈಯಲ್ಲಿ ಪರರ ಕನ್ನಡಕ. ರೈಲು ಹೊರಟಿತ್ತು. ರೈಲಿನಲ್ಲಿ ಕಣ್ಣು ಕಾಣದ ಹುಡುಗಿ, ಅವಳೆದುರು ನನ್ನ ಕೈಚೀಲ. ಚೀಲದಲ್ಲಿ ನನ್ನ ಫೋನು ಮತ್ತು ನಮ್ಮವರ ಹೊಸ ಕನ್ನಡಕ!

ಏನು ಮಾಡಲಿ? ಮುಂದಿನ ರೈಲು ಹಿಡಿದು ಭಾಂಡುಪ್‌ಗೆ ಹೊರಟೆ. ದಾರಿಯುದ್ದಕ್ಕೂ ಆ ಕನ್ನಡಕವನ್ನು ಎದೆಗವಚಿಕೊಂಡು, ಆ ಮಗು ಎಲ್ಲಿ ಇಳಿದಳೋ, ಎಲ್ಲಿ ಎಡವಿದಳೋ ಎಂದು ಬೆವರುತ್ತಿದ್ದೆ. ಭಾಂಡುಪ್‌ನಲ್ಲಿ ಇಳಿದರೆ, ಬೆಂಚಿನ ಮೇಲೆ ನಮ್ಮವರು ಮತ್ತು ಅದೇ ಹುಡುಗಿ, ನಡುವೆ ನನ್ನ ಕೈಚೀಲ ಇಟ್ಟು, ಕೂತು ವಡಾಪಾವ್ ತಿನ್ನುತ್ತಿದ್ದಾರೆ! ಆದದ್ದು ಇಷ್ಟು. ನಾನು ಇನ್ನೂ ಬರಲಿಲ್ಲವೆಂದು ನಮ್ಮವರು ನನಗೆ ಫೋನ್ ಮಾಡಿದ್ದರು. ಹುಡುಗಿ ಎತ್ತಿದ್ದಳು. "ಅಂಕಲ್, ಈ ಫೋನ್‌ವಾಲಿ ಆಂಟಿ ನನ್ನ ಚಸ್ಮಾ ತೆಗೆದುಕೊಂಡು ಓಡಿಹೋದರು" ಎಂದಳಂತೆ. ನಮ್ಮವರು ಯಾರು, ಯಾಕೆ ಎಂದು ಏನೂ ಕೇಳಲಿಲ್ಲವಂತೆ. "ಹೌದು, ಅದು ನನ್ನ ಹೆಂಡತಿಯೇ. ಭಾಂಡುಪ್‌ನಲ್ಲಿ ಇಳಿ" ಎಂದರಂತೆ.

ಹುಡುಗಿ ಕನ್ನಡಕ ಹಾಕಿಕೊಂಡು ಸುತ್ತ ನೋಡಿದಳು. "ಆಂಟಿ! ಕಿತ್ನಾ ಕ್ಲಿಯರ್! ಆ ಬೋರ್ಡ್ ಸಹ ಓದಲಿಕ್ಕೆ ಆಗ್ತದೆ!" ಎಂದು ನನ್ನನ್ನು ಅಪ್ಪಿಕೊಂಡಳು. ನಾನು ಗೆದ್ದವಳ ಹಾಗೆ ನಮ್ಮವರ ಕಡೆ ತಿರುಗಿದೆ.

ಅವರು ವಡಾಪಾವ್‌ನ ಕಾಗದ ಮಡಚುತ್ತ ಹೇಳಿದರು, "ಸರ ಎಳೆಯುವವರಿಗೆ ಎಷ್ಟು ವರ್ಷ ಜೈಲು ಅಂತ ಪೊಲೀಸರಿಗೆ ಗೊತ್ತುಂಟು. ಕನ್ನಡಕ ಎಳೆದು, ತೊಳೆದು, ವಾಪಸ್ ಕೊಡುವವರನ್ನು ಹಿಡಿದರೆ ಅವರಾದರೂ ಎಂತ ಬರ್ಕೊಳ್ಬೇಕು ಮಾರಾಯ್ತಿ?"

ಮೊಸರಿನ ಪಕ್ಕ

ಹೊಸ ಕನ್ನಡಕ ಬಂತು, ಅಭ್ಯಾಸ ಶುರುವಾಯಿತು. ಬೆಳಿಗ್ಗೆ ನಲ್ಲಿಯಲ್ಲಿ ನೀರು ಬರುವ ಹೊತ್ತಿಗೆ ನಾನು ಹತ್ತಿಬಟ್ಟೆ ಹಿಡಿದು ಅವರ ಹಿಂದೆ ನಿಲ್ಲುತ್ತಿದ್ದೆ. "ನೀರು. ಈಗ ಸೋಪು. ಮೆಲ್ಲ, ಅದು ಮಸಾಲೆ ಕಲ್ಲಲ್ಲ. ಮತ್ತೆ ನೀರು." ಎಪ್ಪತ್ತಾರು ವರ್ಷದ ಗಂಡಸು ಬಾಯಿ ಮುಚ್ಚಿಕೊಂಡು ಮಾಡುತ್ತಿದ್ದರು. ಆಗಲೇ ನನಗೆ ಗೊತ್ತಾದದ್ದು, ಆ ಚಾಪೆಯ ಮೇಲಿನ ಜಾಗ ಅವರಿಗೆ ಎಷ್ಟು ದೊಡ್ಡದು ಎಂದು. ಮದುವೆಯಾಗಿ ಐವತ್ತು ವರ್ಷದಲ್ಲಿ ನನ್ನ ಮಾತನ್ನು ಅವರು ಎರಡು ದಿನ ಮೇಲಿಂದ ಮೇಲೆ ಕೇಳಿದ್ದಿಲ್ಲ.

ಸಂಜೆ ನನ್ನೆದುರು ಪೇಪರ್ ಓದಬೇಕು, ದೊಡ್ಡದಾಗಿ. ಒಂದು ಅಕ್ಷರ ತಪ್ಪುತ್ತಿರಲಿಲ್ಲ! ಸಣ್ಣ ಅಕ್ಷರದ ಜಾಹೀರಾತನ್ನೂ ಓದಿಸಿದೆ. ಸರಾಗ! ಶನಿಕಥೆಯ ಪದ್ಯವನ್ನೇ ಒಮ್ಮೆ ಓದಿ ಅಂದರೆ ಮಾತ್ರ ಒಪ್ಪಲಿಲ್ಲ. ಆ ಕಥೆಯನ್ನು ಪೂಜೆ ಇಲ್ಲದೆ ಸುಮ್ಮನೆ ಮನೆಯಲ್ಲಿ ತೆರೆಯುವ ಕ್ರಮ ನಮ್ಮಲ್ಲಿಲ್ಲ. ಗ್ರಂಥವೂ ಸಮಿತಿಯ ಕಪಾಟಿನಲ್ಲೇ ಇರುತ್ತದೆ. ಇರಲಿ, ಪೇಪರ್ ಓದಿದವರಿಗೆ ಪದ್ಯ ಯಾವ ಲೆಕ್ಕ ಎಂದು ನಾನು ಕುಣಿಯುತ್ತಿದ್ದೆ.

ಒಂದು ಬೆಳಿಗ್ಗೆ ಮಾತ್ರ ಬೇರೆಯೇ ಆಯಿತು. ಕನ್ನಡಕ ಹಾಕಿಕೊಂಡವರೇ, "ಹೋಯ್ತು ಮಾರಾಯ್ತಿ! ಏನೂ ಕಾಣುವುದಿಲ್ಲ! ಬರೀ ಮಂಜು!" ಎಂದು ಕೂಗಿದರು. ಓಡಿ ಬಂದೆ. ಗಾಜು ಪೂರ್ತಿ ಬೆಳ್ಳಗಾಗಿತ್ತು. ಒರೆಸಿದೆ, ಸರಿಯಾಯಿತು. ಮರುದಿನವೂ ಹಾಗೇ. ಮೂರನೆಯ ದಿನವೂ ಹಾಗೇ. ಪೂಜೆಗೆ ಒಂದು ವಾರ ಉಳಿದಿದೆ. ಗಾಜೇ ಕೆಟ್ಟದ್ದು ಬಂದಿದೆಯೋ, ಕಣ್ಣಿಗೇ ಏನಾದರೂ ಆಯಿತೋ? ನಾನು ಶೇಠರ ಮಗಳಿಗೆ ಫೋನ್ ಮಾಡಿ ಜಗಳವಾಡಿದೆ. ಅವಳು ಪಾಪ, "ಆಂಟಿ, ರಾತ್ರಿ ಎಲ್ಲಿಡುತ್ತಾರೆ?" ಎಂದು ಕೇಳಿದಳು.

ಎಲ್ಲಿಡುತ್ತಾರೆ? ನನಗೇ ಗೊತ್ತಿರಲಿಲ್ಲ. ಕೇಳಿದರೆ ನಮ್ಮವರು ಹೆಮ್ಮೆಯಿಂದ ಫ್ರಿಜ್ ತೆರೆದರು. ಮೊಸರಿನ ಪಾತ್ರೆಗೂ ದೋಸೆಹಿಟ್ಟಿಗೂ ನಡುವೆ ಕನ್ನಡಕದ ಡಬ್ಬಿ!

"ಬಿಸಿಲಿನ ಕಡೆ ಇಡಬೇಡಿ, ಒಲೆಯ ಹತ್ತಿರ ಇಡಬೇಡಿ, ಸೆಖೆ ಆದರೆ ಲೇಪ ಹಾಳಾಗ್ತದೆ ಅಂತ ನೀನೇ ಅಲ್ವಾ ಹೇಳಿದ್ದು?" ಎಂದರು. "ಮನೆಯಲ್ಲಿ ನನಗಿಂತ ತಂಪಾದ ಜಾಗದಲ್ಲಿ ಮಲಗಿಸಿದ್ದೇನೆ, ಇನ್ನೆಂತ ಮಾಡಬೇಕು ನಾನು? ತಲೆದಿಂಬು ಕೊಡಲಾ?"

ಶನಿವಾರ

ಆ ಶನಿವಾರ ಬಂತು. ಹಾಲ್ ತುಂಬಿತ್ತು. ಕಲಶದ ಸುತ್ತ ಎಳ್ಳೆಣ್ಣೆಯ ದೀಪಗಳು. ಚಾಪೆಯ ಮೇಲೆ ವ್ಯಾಸಪೀಠ, ಅದರ ಮೇಲೆ ಗ್ರಂಥ. ನಮ್ಮವರು ಬಿಳಿ ಪಂಚೆ ಉಟ್ಟು ಕೂತರು. ಅವರ ಬಲಕ್ಕೆ ಅರ್ಥ ಹೇಳುವವರು. ಎಡಕ್ಕೆ, ಕಾರ್ಯದರ್ಶಿ ಹೇಳಿದ್ದ ಆ ಇನ್ನೊಬ್ಬರು. ಬ್ಯಾಂಕಿನಿಂದ ನಿವೃತ್ತರಾದವರು. ಕನ್ನಡಕಕ್ಕೆ ದಾರ ಕಟ್ಟಿ ಕುತ್ತಿಗೆಗೆ ನೇತುಹಾಕಿಕೊಂಡು, ತೊಡೆಯ ಮೇಲೆ ಕೈಯಿಟ್ಟು, ಬಸ್ಸಿಗೆ ಕಾಯುವವರ ಹಾಗೆ ಕೂತಿದ್ದರು.

ನಾನು ಹೆಂಗಸರ ಮೊದಲ ಸಾಲಿನಲ್ಲಿ. ಬಾಗಿಲಲ್ಲೇ ನಮ್ಮವರ ಕನ್ನಡಕ ತೊಳೆದು, ಒರೆಸಿ, ನಾನೇ ಮೂಗಿನ ಮೇಲೆ ಇಟ್ಟು ಬಂದಿದ್ದೆ. ದೀಪದ ಬೆಳಕಿಗೆ ಗಾಜು ಇದೆಯೋ ಇಲ್ಲವೋ ಎಂಬಷ್ಟು ತಿಳಿ!

ಮೊದಲ ಪದ್ಯ ಎತ್ತಿದರು. ಎರಡನೆಯ ಸಾಲಿಗೇ ತಡವರಿಸಿದರು.

ಬ್ಯಾಂಕಿನವರು ತೊಡೆಯ ಮೇಲಿದ್ದ ಕೈಯ ಒಂದು ಬೆರಳು ಮಡಚಿದರು. ಹೇಗೋ ಮುಂದೆ ಹೋಯಿತು. ಹತ್ತು ಪದ್ಯ ಕುಂಟುತ್ತ, ಎಳೆಯುತ್ತ ಸಾಗಿ ಮತ್ತೆ ನಿಂತಿತು. ಬ್ಯಾಂಕಿನವರು ಎರಡನೆಯ ಬೆರಳು ಮಡಚಿ, ಗಂಟಲು ಸರಿಮಾಡಿಕೊಂಡು, ವ್ಯಾಸಪೀಠವನ್ನು ಒಂದಿಷ್ಟು ತಮ್ಮ ಕಡೆ ಎಳೆದುಕೊಂಡರು. ಇನ್ನು ಒಂದು ತಪ್ಪಿದರೆ ಮುಗಿಯಿತು.

ನಮ್ಮವರು ಧಾರಾಕಾರ ಬೆವರುತ್ತಿದ್ದರು. ಪುಟ ತಿರುಗಿಸಲು ಬಗ್ಗಿದರು ನೋಡಿ, ಬೆವರಿದ ಮೂಗಿನಿಂದ ಕನ್ನಡಕ ಜಾರಿ, ಎದುರಿದ್ದ ದೊಡ್ಡ ದೀಪದ ತಟ್ಟೆಯೊಳಗೆ ಬಿತ್ತು. ಎಳ್ಳೆಣ್ಣೆಯಲ್ಲಿ ಮುಳುಗಿಯೇ ಹೋಯಿತು! ನಾನು ಎದ್ದೆ. ಎಣ್ಣೆಯಿಂದ ಅದನ್ನು ಎತ್ತಿಕೊಂಡು ಹಾಲ್‌ನ ಹಿಂದಿನ ವಾಶ್‌ಬೇಸಿನ್‌ಗೆ ಓಡಿದೆ. ಆಗ ಅರ್ಥ ಹೇಳುವವರು ಮಾತಾಡುತ್ತಿದ್ದರು. ಅವರು ನಿಲ್ಲಿಸಿದ ಕೂಡಲೇ ಮುಂದಿನ ಪದ್ಯ ಬರಬೇಕು. ಒಮ್ಮೆ ಶುರುವಾದ ಕಥೆಯನ್ನು ಮಂಗಳದವರೆಗೆ ನಿಲ್ಲಿಸುವ ಹಾಗಿಲ್ಲ. ಎಳ್ಳೆಣ್ಣೆಯ ಜಿಡ್ಡು ಒಂದು ಸಲಕ್ಕೆ ಹೋಗುತ್ತದಾ? ಸೋಪು ಹಾಕಿದೆ, ತೊಳೆದೆ, ಮತ್ತೆ ಹಾಕಿದೆ.

ಅಷ್ಟರಲ್ಲಿ ಮೈಕಿನಲ್ಲಿ ಪದ್ಯ ಎದ್ದಿತು. ಎಂಥ ಓದು! ಎಲ್ಲೂ ತಡೆಯಿಲ್ಲ, ನೀರು ಇಳಿದ ಹಾಗೆ. ಮುಗಿಯಿತು, ಪುಸ್ತಕ ತಿರುಗಿತು, ಬ್ಯಾಂಕಿನವರೇ ಓದುತ್ತಿದ್ದಾರೆ ಎಂದು ನನ್ನ ಕಣ್ಣಲ್ಲಿ ನೀರು ಬಂತು. ಸೆರಗಿನಿಂದ ಕಣ್ಣು ಒರೆಸಿಕೊಂಡು ಹೊರಗೆ ಬಂದು ನೋಡಿದರೆ, ಓದುತ್ತಿದ್ದವರು ನಮ್ಮವರೇ! ಅವರ ಕಣ್ಣು ಮುಚ್ಚಿಕೊಂಡಿದೆ. ಕತ್ತು ತೂಗುತ್ತಿದೆ. ಕಣ್ಣು ಮುಚ್ಚಿಕೊಂಡೇ ಸರಿಯಾದ ಜಾಗಕ್ಕೆ ಪುಟ ತಿರುಗಿಸಿದರು! ಸಭೆ ಮೈಮರೆತಿತ್ತು. ಮೂವತ್ತೈದು ವರ್ಷದಿಂದ ಕೇಳಿದ ಅದೇ ಸ್ವರ.

ಪದ್ಯ ಮುಗಿದು ಅರ್ಥ ಶುರುವಾಗುತ್ತಿದ್ದಂತೆ ನಾನು ಕುಣಿಯುತ್ತ ಹೋಗಿ, ಫಳಫಳ ಹೊಳೆಯುವ ಕನ್ನಡಕವನ್ನು ಅವರ ಮೂಗಿನ ಮೇಲೆ ಇಟ್ಟೆ. ಅವರು ಕಣ್ಣು ಬಿಟ್ಟರು. ಪುಸ್ತಕ ನೋಡಿದರು. ಮುಖ ಬಿಳಿಚಿತು. ಮೈಕಿಗೆ ಅಂಗೈ ಮುಚ್ಚಿ ಹಲ್ಲು ಕಚ್ಚಿ ಹೇಳಿದರು, "ತೆಗಿ ಮಾರಾಯ್ತಿ ಇದನ್ನು! ಇದರಲ್ಲಿ ಬೇರೆಯೇ ಬರ್ದಿದೆ!"

"ಎಂತ ಬೇರೆ?"

"ನಾನು ಹೇಳುವುದು ಒಂದು, ಇದರಲ್ಲಿ ಇರುವುದು ಇನ್ನೊಂದು. ಹುಡುಗನಾಗಿದ್ದಾಗ ಹೋಟೆಲಿನಲ್ಲಿ ಲೋಟ ತೊಳೆಯುವಾಗ ಹಿರಿಯರು ಹೇಳುತ್ತಿದ್ದದ್ದನ್ನು ಕೇಳಿ ಕಲಿತದ್ದು ನಾನು. ಇಷ್ಟು ವರ್ಷ ಅಕ್ಷರ ಕಾಣ್ತಾ ಇತ್ತಾ ನನಗೆ? ಪುಟ ನೋಡಿ ಬಾಯಿಪಾಠ ಹೇಳ್ತಿದ್ದೆ. ಈಗ ಆ ಡಾಕ್ಟ್ರು, ನೀನು ಸೇರಿ ಕಾಣುವ ಹಾಗೆ ಮಾಡಿದ್ದೀರಿ. ಕಂಡ ಮೇಲೆ ಓದದೆ ಇರ್ಲಿಕ್ಕೆ ಆಗ್ತದಾ? ಓದಿದರೆ ಬಾಯಿ ಕೇಳುವುದಿಲ್ಲ!"

"ಹಾಗಾದರೆ ಕನ್ನಡಕ ತೆಗೆದು..."

"ಎಣ್ಣೆಗೆ ಬಿತ್ತು ಅಂತ ಒಂದು ಪದ್ಯಕ್ಕೆ ಬಿಟ್ಟ. ಇನ್ನೂ ಕಣ್ಣು ಮುಚ್ಚಿಯೋ ಕನ್ನಡಕ ತೆಗೆದೋ ಓದಿದರೆ ಈ ಮನುಷ್ಯ ಬಿಡ್ತಾನಾ? ಪುಸ್ತಕ ನೋಡದೆ ಎಂತ ಓದು ಅಂತ ಪುಸ್ತಕ ಎಳ್ಕೊಳ್ತಾನೆ!"

ನಿಜವೇ. ಬ್ಯಾಂಕಿನವರ ಕೈ ಆಗಲೇ ವ್ಯಾಸಪೀಠದ ಅಂಚಿನಲ್ಲಿತ್ತು. ಅರ್ಥ ಹೇಳುವವರು ಕೊನೆಯ ಮಾತಿಗೆ ಬಂದಿದ್ದರು. ಮೂಗಿನ ಮೇಲೆ ಕನ್ನಡಕ ಇರಬೇಕು, ಅದರಲ್ಲಿ ಏನೂ ಕಾಣಬಾರದು. ಇಪ್ಪತ್ತಾರು ವರ್ಷ ಕೌಂಟರಿನ ಹಿಂದೆ ನಿಂತವಳು ನಾನು, ದೇವರೇ ಕ್ಷಮಿಸಬೇಕು. ಕನ್ನಡಕ ಸರಿಮಾಡುವವಳ ಹಾಗೆ ತೆಗೆದೆ. ಹೆಬ್ಬೆರಳನ್ನು ದೀಪದ ಎಳ್ಳೆಣ್ಣೆಯಲ್ಲಿ ಅದ್ದಿದೆ. ಎಡಗಾಜಿಗೆ ಒಂದು ಒತ್ತು, ಬಲಗಾಜಿಗೆ ಒಂದು ಒತ್ತು, ಮೇಲಿಂದ ಕೆಳಗೆ ಚೆನ್ನಾಗಿ ಸವರಿ, ನಮ್ಮವರ ಮೂಗಿನ ಮೇಲೆ ಕೂರಿಸಿದೆ.

"ಎಂತ ಕಾಣ್ತದೆ?"

"ದೇವರು ಸಹ ಕಾಣುವುದಿಲ್ಲ" ಎಂದರು. ಎಂಥ ಸಂತೋಷ ಆ ಮುಖದಲ್ಲಿ!

ಆಮೇಲೆ ಮಂಗಳದವರೆಗೆ ಒಂದು ಅಕ್ಷರ ಎಡವಲಿಲ್ಲ. ಭಾಂಡುಪ್‌ನ ನಮ್ಮ ಜನಕ್ಕೆ ಅವರು ಹೇಳಿದ್ದೇ ಪದ್ಯ, ಯಾರಿಗೂ ಏನೂ ಬೇರೆ ಅನಿಸಲಿಲ್ಲ. ಆರತಿಯಾದ ಮೇಲೆ ಕಾರ್ಯದರ್ಶಿ ಎಲ್ಲರ ಎದುರು ಬಂದು ಅವರ ಕಾಲು ಮುಟ್ಟಿ, "ಅಣ್ಣ, ನಿಮಗೆ ಆಗುವವರೆಗೂ ಈ ಚಾ‌ಪೆ ನಿಮ್ಮದೇ" ಎಂದರು. ನಾನು ಪ್ರಸಾದದ ದೊನ್ನೆ ಹಿಡಿದುಕೊಂಡು ಅಳುತ್ತ ನಗುತ್ತ ನಿಂತಿದ್ದೆ.

ಆಗ ಬ್ಯಾಂಕಿನವರು ಮೆಲ್ಲಗೆ ನನ್ನ ಪಕ್ಕ ಬಂದರು. ಪಕ್ಕದಲ್ಲೇ ಕೂತಿದ್ದವರು, ಹೆಬ್ಬೆರಳು ಎಣ್ಣೆಗೆ ಅದ್ದಿದ್ದನ್ನು ನೋಡಿಯೇ ಇರುತ್ತಾರೆ. ಎಲ್ಲರಿಗೂ ಹೇಳಿಬಿಟ್ಟರೆ?

ಅವರು ಆಚೆ ಈಚೆ ನೋಡಿ, ಕುತ್ತಿಗೆಯ ದಾರದಿಂದ ತಮ್ಮ ಕನ್ನಡಕ ಬಿಚ್ಚಿ, ಎರಡೂ ಕೈಯಲ್ಲಿ ನನ್ನೆದುರು ಹಿಡಿದರು. "ಅಕ್ಕ, ಅಂಗಡಿಯಲ್ಲಿ ಇದ್ದವರು ನೀವು, ನಿಮಗೆ ಗೊತ್ತಿರುತ್ತದೆ. ಅಣ್ಣನಿಗೆ ಹಚ್ಚಿದ ಕೂಡಲೇ ಓದು ಹೇಗೆ ಸರಿಯಾಯಿತು, ನಾನೇ ಕಣ್ಣಾರೆ ನೋಡಿದೆ. ನನ್ನದಕ್ಕೂ ಸ್ವಲ್ಪ ಹಚ್ಚಿಕೊಡಿ. ಒಂದು ಬದಿ ಸಾಕಾ, ಎರಡೂ ಬದಿ ಬೇಕಾ?"

ಹಿಂದಿನಿಂದ ನಮ್ಮವರ ಸ್ವರ ಬಂತು.

"ಎರಡೂ ಬದಿ ದಪ್ಪಗೆ ಹಚ್ಚು ಮಾರಾಯ್ತಿ. ಅವರಿಗೆ ಮುಂದಿನ ವರ್ಷವೂ ನನ್ನ ಪಕ್ಕದಲ್ಲೇ ಕೂರ್ಲಿಕ್ಕುಂಟು."